ಒಂದು ಡಬ್ಬಿ ಬರ್ಫ್

ಡಿಸೆಂಬರ್ 17, ಕಲಬುರಗಿ

ನಮ್ಮವರು ಬ್ಯಾಗ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ನಾನು ಬಗ್ಗಿ ಅಂಕಿ ಓದುವುದು, ಅದರಲ್ಲಿ ಅವರ 68 ಕಿಲೋ ಕಳೆಯುವುದು. ಬೆಳಗಿನಿಂದ ಇದೇ ನಡೆದಿತ್ತು. ಒಂದು ಬ್ಯಾಗಿಗೆ 23 ಕಿಲೋ ಮಾತ್ರ. ಜೋಳದ ಹಿಟ್ಟು ಐದು ಕಿಲೋ, ಕಡಕ್ ರೊಟ್ಟಿ ನೂರು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಇಷ್ಟಾದ ಮೇಲೆ ಬಟ್ಟೆಗೆ ಜಾಗ ಎಲ್ಲಿ? ಸಾಲದ್ದಕ್ಕೆ ನಾಲ್ಕು ಕಿಲೋ ತೊಗರಿಬೇಳೆ.

"ಬ್ಯಾಳಿ ಇಲ್ಲೂ ಸಿಗ್ತದಪ್ಪ" ಎಂದ ಮಗ ಫೋನಿನಲ್ಲಿ.

"ಕಲಬುರಗಿ ಬ್ಯಾಳಿ ಸಿಗ್ತದೇನು?" ಎಂದರು ಇವರು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ, ಅಂದರೆ ಇದು ಈ ನೆಲದ್ದೇ ಎಂಬ ಸರ್ಕಾರಿ ಮಾನ್ಯತೆ ಬಂದಾಗಿನಿಂದ ಇವರ ಲೆಕ್ಕದಲ್ಲಿ ಉಳಿದದ್ದು ಬೇಳೆಯೇ ಅಲ್ಲ. ಬೇಳೆ ಒಳಗೆ ಹೋಯಿತು, ನನ್ನ ಎರಡು ಸೀರೆ ಹೊರಗೆ ಬಂದವು.

ಮಗ ಸೊಸೆ ಕೆನಡಾದ ಒಟ್ಟಾವಾಕ್ಕೆ ಹೋಗಿ ಮೂರು ವರ್ಷವಾಗಿತ್ತು. ಬೇಸಿಗೆಯಲ್ಲಿ ಬನ್ನಿ, ಆರಾಮಾಗಿ ಓಡಾಡಬಹುದು ಅಂತ ಅವರು ಹೇಳುತ್ತಲೇ ಇದ್ದರು. ಇವರದು ಒಂದೇ ಮಾತು: "ಬಿಸಲು ನೋಡಾಕ ಅಲ್ಲೀತನ ಯಾಕ ಹೋಗ್ಬೇಕು?" ಇವರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕಂಬಗಳ ಕೆಳಗೆ ನಿಂತು ಕೆಲಸ ಮಾಡಿಸಿದವರು. ಬಿಸಿಲು ಸಾಕಷ್ಟಾಗಿತ್ತು. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಹಿಮಪಾತ ಎಂಬ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ. ಕಂಡಿದ್ದು ಮಾತ್ರ ಪುಸ್ತಕದ ಕಪ್ಪು-ಬಿಳಿ ಚಿತ್ರದಲ್ಲಿ.

ನಮ್ಮ ಮನೆಯಲ್ಲಿ ಬೆಚ್ಚಗಿನ ಬಟ್ಟೆ ಅಂತ ಇದ್ದದ್ದು ಎರಡು. ಒಂದು ನನ್ನ ಸ್ವೆಟರ್, ಇನ್ನೊಂದು ಕಾಶಿಗೆ ಹೋದಾಗ ಕೊಂಡ ಮಂಕಿ ಟೋಪಿ. ಆಗ ಕಲಬುರಗಿಯಲ್ಲಿ ಬೆಳಗಿನ ಥಂಡಿ 15 ಡಿಗ್ರಿ ಇರಬೇಕು. ಅಷ್ಟಕ್ಕೇ ಅಪ್ಪನ ಕೆರೆ ಸುತ್ತ ವಾಕಿಂಗ್ ಬರುವ ಮಂದಿ ಮಫ್ಲರ್ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟಿರುತ್ತಾರೆ.

ಹೊರಡುವ ಹೊತ್ತಿಗೆ ಎದುರು ಮನೆಯ ಕಾಕಿ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

"ಅಕ್ಕೋರೆ, ಬರಾಗ ಇದ್ರಾಗ ಆ ಬರ್ಫ್ ತುಂಬ್ಕೊಂಡ್ ಬರ್ರಿ."

"ಅದು ಕರಗ್ತದ ಕಾಕಿ."

"ಕರಗಿದ್ರ ಕರಗ್ಲಿ. ನೀರರ ನೋಡ್ತೀನಿ."

ಡಬ್ಬಿಯೊಳಗೆ ಶೇಂಗಾ ಉಂಡಿ ಇದ್ದವು. ಖಾಲಿ ಡಬ್ಬಿ ಕೊಡುವುದು ನಮ್ಮ ಕಡೆ ರೂಢಿಯಲ್ಲ.

ಡಿಸೆಂಬರ್ 18, 19, ದಾರಿ

ಹೈದರಾಬಾದಿಗೆ ಕಾರಿನಲ್ಲಿ ಐದು ತಾಸು. ಅಲ್ಲಿಂದ ದೋಹಾ, ದೋಹಾದಿಂದ ಮಾಂಟ್ರಿಯಲ್. ವಿಮಾನದ ಬಗ್ಗೆ ಬರೆಯಲು ಏನಿಲ್ಲ. ಕಾಲು ಊದಿದವು, ಅಷ್ಟೇ.

ಮಾಂಟ್ರಿಯಲ್‌ನಲ್ಲಿ ತಿನ್ನುವ ಸಾಮಾನು ತಂದಿದ್ದೇವೆ ಅಂತ ಪ್ರಾಮಾಣಿಕವಾಗಿ ಬರೆದು ಕೊಟ್ಟಿದ್ದರಿಂದ ಬ್ಯಾಗ್ ತೆರೆಸಿದರು. ಒಬ್ಬ ಹುಡುಗಿ, ಸಮವಸ್ತ್ರದಲ್ಲಿ, ಕಡಕ್ ರೊಟ್ಟಿಯ ಕಟ್ಟು ಎತ್ತಿ ಹಿಡಿದಳು. ಇದೇನು ಅಂತ ಕೇಳಿದಳು. "ಬ್ರೆಡ್" ಎಂದರು ಇವರು. ಅವಳು ಬೆರಳು ಮಡಚಿ ಬಾಗಿಲು ತಟ್ಟಿದ ಹಾಗೆ ರೊಟ್ಟಿಯನ್ನು ಟಕ್ ಟಕ್ ಎಂದು ತಟ್ಟಿದಳು. ಇವರ ಮುಖ ನೋಡಿದಳು. ನಕ್ಕು ಬಿಟ್ಟಳು, ನಮ್ಮನ್ನೂ ಬಿಟ್ಟಳು.

ಹೊರಗೆ ಗಾಜಿನ ಬಾಗಿಲು ಸರಿದದ್ದೇ ತಡ, ಮೂಗಿನೊಳಗೆ ಯಾರೋ ಸಣ್ಣ ಸೂಜಿಗಳನ್ನು ಚುಚ್ಚಿದಂತಾಯಿತು. ಮೂಗಿನ ಕೂದಲು ಹೆಪ್ಪುಗಟ್ಟುವುದು ಅಂದರೆ ಇದೇ. ಉಸಿರು ಎಳೆದರೆ ಅಂಟಿಕೊಳ್ಳುತ್ತದೆ, ಬಿಟ್ಟರೆ ಬಿಡುತ್ತದೆ. ಮಗ ಎರಡು ದೊಡ್ಡ ಕೋಟು ಹಿಡಿದು ನಿಂತಿದ್ದ. ಬಂದವನೇ ಕಾಲಿಗೆ ಬೀಳಲಿಲ್ಲ, ಮೊದಲು ಕೋಟು ತೊಡಿಸಿದ. "ಎಷ್ಟದ ಥಂಡಿ?" ಎಂದೆ. "ಇವತ್ತು ಛಲೋ ಅದ ಅವ್ವ. ಮೈನಸ್ ಹನ್ನೊಂದು."

ಒಟ್ಟಾವಾ ಅಲ್ಲಿಂದ ಎರಡು ತಾಸಿನ ದಾರಿ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕಲೇಬೇಕು, ಅದು ಕಾನೂನು. ಅವನಿರುವ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಆದರೂ ಹಾಕಿಸಿದ್ದ. ರಸ್ತೆಯ ಎರಡೂ ಬದಿ ಬೆಳ್ಳಗೆ, ಕಣ್ಣು ಹೋದಷ್ಟು ದೂರ. "ಜೇವರ್ಗಿ ಕಡೆ ಹತ್ತಿ ಹೊಲ ಇದ್ದಂಗ ಅದ" ಎಂದರು ಇವರು. ಹೇಳಿ ಅಲ್ಲೇ ನಿದ್ದೆಹೋದರು.

ಡಿಸೆಂಬರ್ 20, ಒಟ್ಟಾವಾ

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಕಲಬುರಗಿಯಲ್ಲಿ ಆಗ ಮಧ್ಯಾಹ್ನ ಒಂದೂವರೆ, ಊಟದ ಹೊತ್ತು. ಹೊಟ್ಟೆ ಅಲ್ಲಿಯ ಗಡಿಯಾರದ ಪ್ರಕಾರವೇ ಕೂಗುತ್ತಿತ್ತು. ಅಡುಗೆಮನೆಗೆ ಹೋದವಳು ಕಿಟಕಿಯ ಪರದೆ ಸರಿಸಿದೆ.

ಬೀದಿದೀಪದ ಕೆಳಗೆ ಹಿಮ ಬೀಳುತ್ತಿತ್ತು.

ಮಳೆಗೆ ಸದ್ದಿದೆ. ತಗಡಿನ ಮೇಲೆ ಬಿದ್ದರೆ ಒಂದು, ತೆಂಗಿನ ಗರಿಯ ಮೇಲೆ ಬಿದ್ದರೆ ಇನ್ನೊಂದು. ಇದಕ್ಕೆ ಏನೂ ಇಲ್ಲ. ಎಷ್ಟು ಬಿದ್ದರೂ ಸುಮ್ನೆ ಬೀಳುತ್ತದೆ. ಅದು ಇದ್ದ ಸದ್ದನ್ನೂ ನುಂಗುತ್ತದೆ ಅಂತ ಅನ್ನಿಸಿತು, ಯಾಕೆಂದರೆ ದೂರದ ರಸ್ತೆಯ ಗಾಡಿಗಳ ಸದ್ದು ಕೂಡ ನಿಂತುಹೋಗಿತ್ತು. ಇವರನ್ನು ಎಬ್ಬಿಸಿದೆ. ಇಬ್ಬರೂ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು, ಕಡಕ್ ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು, ಬೆಳಗಾಗುವವರೆಗೆ ಕೂತೆವು. ಬೆಳಗಾಗಿದ್ದು ಏಳೂವರೆ ದಾಟಿದ ಮೇಲೆ.

ಹೊರಗೆ ಹೋಗಬೇಕೆಂದರೆ ಸೊಸೆಯ ಪಾಠ ಮೊದಲು. ಮೈಗಂಟುವ ಒಳ ಉಡುಪು, ಅದರ ಮೇಲೆ ಉಣ್ಣೆಯದು, ಅದರ ಮೇಲೆ ಗಾಳಿ ಹೊಗದ ಕೋಟು. ಎರಡು ಜೊತೆ ಸಾಕ್ಸ್ ಬೇಡ, ಬೂಟು ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೂಟು, ಟೋಪಿ, ಕತ್ತಿಗೆ ಪಟ್ಟಿ, ಕೊನೆಗೆ ಕೈಗವಸು. "ಅತ್ತಿ, ಕೈಗವಸು ಮೊದ್ಲ ಹಾಕಿದ್ರ ಬೂಟಿನ ದಾರ ಕಟ್ಟಾಕ ಆಗಲ್ರಿ." ನಾನು ಮೊದಲೇ ಹಾಕಿಕೊಂಡಿದ್ದೆ. ಐದು ವರ್ಷದ ಮೊಮ್ಮಗಳು ಎರಡು ನಿಮಿಷದಲ್ಲಿ ತಯಾರಾಗಿ ಬಾಗಿಲಲ್ಲಿ ಕುಣಿಯುತ್ತಿದ್ದಳು. ನಮಗೆ ಹದಿನೇಳು ನಿಮಿಷ ಹಿಡಿಯಿತು. ಆಮೇಲೆ ಇವರಿಗೆ ಬಾತ್‌ರೂಮ್ ನೆನಪಾಯಿತು.

ಅಂಗಳದಲ್ಲಿ ನಿಂತು ತೋಳು ಚಾಚಿದೆ. ಕೋಟಿನ ಬಣ್ಣ ಕಪ್ಪು. ಅದರ ಮೇಲೆ ಒಂದು ಹರಳು ಬಂದು ಕೂತಿತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಆರು ಕಡ್ಡಿ, ಪ್ರತಿ ಕಡ್ಡಿಗೂ ಬೇವಿನ ಎಲೆಯ ಹಾಗೆ ಎಡಬಲಕ್ಕೆ ಸಣ್ಣ ಸಣ್ಣ ಹಲ್ಲು. ನಮ್ಮ ಶಾಲೆಯಲ್ಲಿ ಯಾವ ಹುಡುಗಿಯೂ ಅಷ್ಟು ಅಚ್ಚುಕಟ್ಟಾಗಿ ರಂಗೋಲಿ ಹಾಕಿದ್ದು ನಾನು ಕಂಡಿಲ್ಲ. ಇವರಿಗೆ ತೋರಿಸೋಣ ಎಂದು ಕೂಗಿದೆ. ಕೂಗಿದ ಉಸಿರು ಬಡಿದು ಕರಗಿತು.

ಡಿಸೆಂಬರ್ 21

ವರ್ಷದಲ್ಲೇ ಹಗಲು ಕಡಿಮೆ ಇರುವ ದಿನ. ಥಂಡಿ ಮೈನಸ್ 24. ರೇಡಿಯೋದಲ್ಲಿ ಎಚ್ಚರಿಕೆ ಕೊಡುತ್ತಿದ್ದರು. ಅಲ್ಲಿ ಥಂಡಿಯ ಜೊತೆ ಗಾಳಿಯ ಲೆಕ್ಕವನ್ನೂ ಹಾಕುತ್ತಾರೆ. ಗಾಳಿ ಸೇರಿ ಮೈನಸ್ ಮೂವತ್ತರಂತೆ ಆದರೆ, ಬಿಚ್ಚಿಟ್ಟ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮಕ್ಕಳನ್ನು, ಮುದುಕರನ್ನು ಹೊರಗೆ ಬಿಡಬೇಡಿ, ನಾಯಿಯನ್ನೂ ಜಾಸ್ತಿ ಹೊತ್ತು ತಿರುಗಿಸಬೇಡಿ. ಕೇಳುತ್ತಾ ನಗು ಬಂತು. ನಮ್ಮ ಕಡೆ ಮೇ ತಿಂಗಳಲ್ಲಿ ಹೇಳುವುದೂ ಇದೇ ಅಲ್ವಾ? ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಹೋಗಬೇಡಿ, ನೀರು ಕುಡಿಯಿರಿ, ಮುದುಕರು ಮಕ್ಕಳು ಜೋಪಾನ.

ಮನೆಯೊಳಗೆ ಮಾತ್ರ 21 ಡಿಗ್ರಿ. ನೆಲಮಾಳಿಗೆಯಲ್ಲಿ ಒಂದು ಕುಲುಮೆ ಇದೆ, ಅದು ಗುಂಯ್ ಎನ್ನುತ್ತಾ ಬಿಸಿ ಗಾಳಿ ಊದುತ್ತದೆ. ಇವರು ಬೆಳಿಗ್ಗೆ ಅರ್ಧ ತಾಸು ಅದರ ಮುಂದೆಯೇ ಕೂತಿದ್ದರು. ಅಲ್ಲಿಯ ಮನೆಗಳ ಪ್ಲಗ್ಗಿಗೆ ಬರುವುದು 120 ವೋಲ್ಟ್, ನಮ್ಮ ಹಾಗೆ 230 ಅಲ್ಲ ಅಂತ ನನಗೆ ಎರಡು ಸಲ ವಿವರಿಸಿದರು. ಆ ಒಣ ಗಾಳಿಗೆ ತುಟಿ ಒಡೆಯುತ್ತವೆ. ಚಾದರ ಮಡಚಿದರೆ ಚಟಪಟ ಕಿಡಿ. ಲೈಟಿನ ಸ್ವಿಚ್ಚಿನ ತಿರುಪು ಮುಟ್ಟಿದರೆ ಚುಟುಕ್ ಎಂದು ಹೊಡೆಯುತ್ತದೆ. ಜೀವನವಿಡೀ ಕರೆಂಟಿನ ಜೊತೆ ಇದ್ದವರು ಬಾಗಿಲ ಹಿಡಿಕೆ ಮುಟ್ಟಲು ಹೆದರುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಮಲಗಿದರು. ನಾಲ್ಕೂ ಇಪ್ಪತ್ತರ ಸುಮಾರಿಗೆ ಸೂರ್ಯ ಮುಳುಗಿದ. ಐದೂವರೆಗೆ ಎದ್ದು, ಹೊರಗೆ ಕತ್ತಲೆ ನೋಡಿ, ನಸುಕಾಯಿತೆಂದು ತಿಳಿದು ಸ್ನಾನ ಮಾಡಿ, ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂತರು. ನಾವು ಯಾರೂ ಮಾತಾಡಲಿಲ್ಲ. ಪೂಜೆ ಮುಗಿಸಿ "ನಾಷ್ಟಾ ಏನದ?" ಎಂದಾಗ ಸೊಸೆ ಓಡಿಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ನಕ್ಕಳು.

ಡಿಸೆಂಬರ್ 22

ಇದನ್ನು ಬರೆಯಬೇಡ ಅಂತ ಹೇಳಿದ್ದಾರೆ. ಬರೆಯುತ್ತಿದ್ದೇನೆ.

ಭಾನುವಾರ. ಮಗ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಸಾಮಾನು ತರಲು ಹೋಗಿದ್ದರು. ನಾನು ಸ್ನಾನಕ್ಕೆ ಹೋಗಿದ್ದೆ. ಇವರಿಗೆ ಒಂದು ಆಲೋಚನೆ ಹೊಳೆಯಿತು. ಹಿಮದಲ್ಲಿ ಬರೀ ಬನಿಯನ್, ಲುಂಗಿಯಲ್ಲಿ ನಿಂತು ಒಂದು ಫೋಟೋ ತೆಗೆದು ಕೆರೆ ವಾಕಿಂಗ್ ಗುಂಪಿಗೆ ಕಳಿಸಬೇಕು. ಮಫ್ಲರ್ ಸುತ್ತಿಕೊಂಡವರು ನೋಡಿ ದಂಗಾಗಬೇಕು. ಒಂದೇ ನಿಮಿಷದ ಕೆಲಸ. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಹಿಂದೆ ಬಾಗಿಲು ಮುಚ್ಚಿತು. ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲು ಅದು.

ಮೈನಸ್ 22. ಫೋನ್ ಎತ್ತಿ ಮುಖ ಸರಿಮಾಡಿಕೊಳ್ಳುವಷ್ಟರಲ್ಲಿ ಫೋನ್ ಸತ್ತಿತು. ಆ ಥಂಡಿಗೆ ಬ್ಯಾಟರಿ ಕೈಕೊಡುತ್ತದೆ ಎಂದು ಆಮೇಲೆ ತಿಳಿಯಿತು. ಬಾಗಿಲು ಬಡಿದರೆ ನನಗೆ ಕೇಳಿಸಲಿಲ್ಲ. ಓಡಿದರು. ಪಕ್ಕದ ಮನೆಯ ಮುದುಕ ಬಾಗಿಲು ತೆರೆದಾಗ ಎದುರಿಗೆ ಲುಂಗಿ ಎತ್ತಿ ಕಟ್ಟಿದ, ಬೂದಿ ಬಳಿದ, ಗಡಗಡ ನಡುಗುವ ಮನುಷ್ಯ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ತೋಳು ಹಿಡಿದು ಒಳಗೆ ಎಳೆದು ಕಂಬಳಿ ಹೊದಿಸಿದರಂತೆ.

ಅರ್ಧ ತಾಸಿನ ನಂತರ ನಾನು ಕಿಟಕಿಯಿಂದ ನೋಡಿದರೆ ಇವರು ಪಕ್ಕದ ಮನೆಯ ಸೋಫಾದಲ್ಲಿ ಚಹಾ ಕುಡಿಯುತ್ತಾ ಕೈ ಆಡಿಸಿ ಮಾತಾಡುತ್ತಿದ್ದಾರೆ. ಸೊಸೆ ಬಂದ ಮೇಲೆ ಕಾಕಿ ಕೊಟ್ಟ ಶೇಂಗಾ ಉಂಡಿ ತಗೊಂಡು ಹೋದೆ. ಕೊಡುವ ಮುಂಚೆ ಶೇಂಗಾ ಆಗಿಬರುತ್ತದೋ ಇಲ್ಲವೋ ಕೇಳಬೇಕು ಅಂತ ಸೊಸೆ ಹೇಳಿಕಳಿಸಿದ್ದಳು. ಅಲ್ಲಿ ಎಷ್ಟೋ ಶಾಲೆಗಳಲ್ಲಿ ಊಟದ ಡಬ್ಬಿಗೆ ಶೇಂಗಾ ಹಾಕುವಂತಿಲ್ಲ, ಕೆಲವು ಮಕ್ಕಳಿಗೆ ಅದು ಜೀವಕ್ಕೇ ಅಪಾಯ. ಶೇಂಗಾ ಹಿಂಡಿ ಇಲ್ಲದ ಊಟದ ಡಬ್ಬಿ! ಕಲಬುರಗಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಮುದುಕರಿಗೆ ಶೇಂಗಾ ಆಗುತ್ತಿತ್ತು. ಎರಡು ತಿಂದರು. ನಿಮ್ಮ ಊರಲ್ಲಿ ಎಷ್ಟು ಸೆಕೆ ಅಂತ ಕೇಳಿದರು. ಬೇಸಿಗೆಯಲ್ಲಿ 43, 44 ಎಂದರು ಇವರು. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅಂಥದ್ದರಲ್ಲಿ ಹೇಗೆ ಬದುಕುತ್ತೀರಿ? ಎರಡು ದಿನದಿಂದ ನಾವು ಅವರ ಬಗ್ಗೆ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಇವರು ಹುರುಪಾದರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ತೆರೆದು ಒಂದೂವರೆಗೆ ಮುಚ್ಚುವುದು, ಆಮೇಲೆ ರಸ್ತೆ ಬಿಕೋ ಎನ್ನುವುದು, ಟಾರು ಮೆತ್ತಗಾಗುವುದು ಎಲ್ಲ ಹೇಳಿದರು. ಹೇಳುವಾಗ ಒಂದೆರಡು ಡಿಗ್ರಿ ಜಾಸ್ತಿಯೇ ಮಾಡಿದರು.

ಅದಕ್ಕೆ ಮುದುಕರು 1998ರ ಜನವರಿಯ ಕಥೆ ತೆಗೆದರು. ಐದಾರು ದಿನ ಸತತ ಹೆಪ್ಪುಗಟ್ಟುವ ಮಳೆ. ಬೀಳುವಾಗ ನೀರು, ಮುಟ್ಟಿದ ಕೂಡಲೇ ಮಂಜುಗಡ್ಡೆ. ಮರದ ಕೊಂಬೆ, ತಂತಿ, ಕಂಬ ಎಲ್ಲದರ ಮೇಲೆ ಅದೇ ಬೆಳೆಯುತ್ತಾ ಹೋಯಿತು. ಹೈಟೆನ್ಷನ್ ತಂತಿ ಹೊತ್ತ ಉಕ್ಕಿನ ಗೋಪುರಗಳು ಸಾವಿರದ ಲೆಕ್ಕದಲ್ಲಿ ಮಡಚಿ ಬಿದ್ದವು. ಕ್ವಿಬೆಕ್, ಒಂಟಾರಿಯೊ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗೆ ಕರೆಂಟ್ ಇಲ್ಲ, ಕೆಲವು ಕಡೆ ವಾರಗಟ್ಟಲೆ. ಇವರು ಕಂಬಳಿ ಸರಿಸಿ ಮುಂದಕ್ಕೆ ಬಾಗಿದರು. ತಂತಿಯ ಮೇಲೆ ಎಷ್ಟು ದಪ್ಪ? ಕಂಬ ಮರದ್ದೋ ಸಿಮೆಂಟಿನದೋ? ಮತ್ತೆ ಎಬ್ಬಿಸಲು ಎಷ್ಟು ದಿನ? ನಾನು ಎದ್ದು ಬಂದೆ. ಇವರು ಊಟಕ್ಕೆ ಬಂದಾಗ ಮೂರು ಗಂಟೆ. ಥಂಡಿಯ ಕಥೆ ಹೇಳುವಾಗ ಆ ಮುದುಕರ ದನಿ ಥೇಟ್ ನಮ್ಮವರು ಬಿಸಿಲಿನ ಕಥೆ ಹೇಳುವ ದನಿಯೇ. ಬೈಯುವುದೂ ಹಾಗೇ, ಬೀಗುವುದೂ ಹಾಗೇ.

ಫೋಟೋ ಮಾತ್ರ ಬರಲಿಲ್ಲ.

ಡಿಸೆಂಬರ್ 24, 25

ಮೊಮ್ಮಗಳು ಸಾಂತಾಗೆ ಪತ್ರ ಬರೆದಿದ್ದಳು. ಅವನಿಗೆ ಅಲ್ಲಿ ಸ್ವಂತ ಪಿನ್ ಕೋಡ್ ಇದೆ. ಎಚ್, ಸೊನ್ನೆ, ಎಚ್. ಸೊನ್ನೆ, ಎಚ್, ಸೊನ್ನೆ. ಕೂಡಿಸಿ ಓದಿದರೆ ಹೋ ಹೋ ಹೋ. ರಾತ್ರಿ ಗಿಡದ ಕೆಳಗೆ ಅವನಿಗೆ ಹಾಲು, ಬಿಸ್ಕತ್ತು, ಅವನ ಜಿಂಕೆಗೆ ಗಜ್ಜರಿ ಇಡುವ ರೂಢಿ. ಇವಳು ಬಿಸ್ಕತ್ತಿನ ಬದಲು ಶೇಂಗಾ ಉಂಡಿ ಇಟ್ಟಳು. "ಆಯಿ, ಸಾಂತಾಗ ಬಿಸ್ಕಿಟ್ ತಿಂದ್ ತಿಂದ್ ಬ್ಯಾಸರಾಗಿರ್ತದ." ಬೆಳಿಗ್ಗೆ ಉಂಡಿ ಇರಲಿಲ್ಲ, ಗಜ್ಜರಿಗೆ ಹಲ್ಲಿನ ಗುರುತಿತ್ತು. ಮುತ್ಯಾನ ಮೀಸೆಯಲ್ಲಿ ಬೆಲ್ಲ ಅಂಟಿದ್ದನ್ನು ನಾನು ಸೆರಗಿನಿಂದ ಒರೆಸಿದೆ.

ಕ್ರಿಸ್ಮಸ್ ದಿನ ಗದ್ದಲ ಇರುತ್ತದೆ ಅಂದುಕೊಂಡಿದ್ದೆ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ಒಂದು ಅಂಗಡಿ ತೆರೆದಿಲ್ಲ. ನಮ್ಮ ಹಬ್ಬ ಅಂದರೆ ಮಂದಿ ಮನೆಯಿಂದ ಹೊರಗೆ ಬೀಳುವುದು. ಶರಣಬಸವೇಶ್ವರರ ತೇರಿನ ದಿನ ನಮ್ಮ ಓಣಿಯಲ್ಲಿ ಮನೆಯೊಳಗೆ ಯಾರಿರುತ್ತಾರೆ? ಇಲ್ಲಿ ಎಲ್ಲರೂ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲ ಹೊರಗೆ ಎಲೆಯ ಹಾರ, ಕಿಟಕಿಯಲ್ಲಿ ದೀಪ. ಆ ಕತ್ತಲೆಗೆ ಆ ದೀಪ ಬೇಕೇ ಬೇಕು, ನಾಲ್ಕೂವರೆಗೆ ರಾತ್ರಿ ಆಗುವ ಊರು.

ಪಕ್ಕದ ಮುದುಕರು ಹಣ್ಣಿನ ಕೇಕ್ ತಂದುಕೊಟ್ಟರು. ಉಂಡಿ ತಂದಿದ್ದ ಡಬ್ಬಿಯಲ್ಲೇ. ಖಾಲಿ ಡಬ್ಬಿ ಕೊಡಬಾರದೆಂದು ಅವರಿಗೆ ಯಾರು ಹೇಳಿಕೊಟ್ಟರೋ!

ಡಿಸೆಂಬರ್ 26

ಬಾಕ್ಸಿಂಗ್ ಡೇ. ಅಂಗಡಿಗಳಲ್ಲಿ ರಿಯಾಯಿತಿ. ಹೋದೆವು, ನೂಕಾಡಿದೆವು, ಒಂದು ಫ್ರೈಯಿಂಗ್ ಪ್ಯಾನ್ ತಂದೆವು. ನನಗೆ ಮೊಣಕಾಲು ನೋವು.

ಡಿಸೆಂಬರ್ 28, 29

ಇದ್ದಕ್ಕಿದ್ದಂತೆ ಸೊನ್ನೆ ದಾಟಿ ಮೇಲೆ ಬಂತು. ಮೊದಲು ಕುಸುರೆಳ್ಳಿನಂಥ ಸಣ್ಣ ಗುಂಡು ಮಂಜು ಟಪಟಪ ಬಿತ್ತು, ಆಮೇಲೆ ಮಳೆ. ಹಿಮದ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂಬುದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ರಸ್ತೆಯ ಉಪ್ಪು, ಮಣ್ಣು, ಗಾಡಿಯ ಮಸಿ ಎಲ್ಲ ಕಲೆತ ಬೂದು ರಾಡಿ. ಮಳೆಗಾಲದ ತರಕಾರಿ ಮಾರ್ಕೆಟ್ ನೋಡಿದಂತಾಯಿತು. ಒಂದು ಗಳಿಗೆ ಊರು ನೆನಪಾಗಿ ಖುಷಿಯಾಯಿತು ಎಂದರೆ ನಗಬೇಡಿ. ಇವರು ಜಾರಿ ಬಿದ್ದರು. ಕೋಟು ದಪ್ಪ ಇದ್ದದ್ದರಿಂದ ಏನೂ ಆಗಲಿಲ್ಲ.

29ರ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಮರುದಿನ ಎಳ್ಳ ಅಮಾವಾಸ್ಯೆ. ನಮ್ಮದು ಆಳಂದ ತಾಲೂಕಿನಲ್ಲಿ ಸ್ವಲ್ಪ ಹೊಲ ಇದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಆ ದಿನ ನಾವು ಹೊಲದಲ್ಲಿ ಇಲ್ಲದ್ದು ಇದೇ ಮೊದಲು. ರಾತ್ರಿ ಹನ್ನೆರಡೂವರೆಗೆ ಮಗಳ ವೀಡಿಯೋ ಫೋನ್ ಬಂತು. ಅಲ್ಲಿ ಬೆಳಗಿನ ಹನ್ನೊಂದು. ಫೋನ್ ತೆರೆದದ್ದೇ ಕೋಣೆಯ ತುಂಬ ಬಿಸಿಲು. ಎದೆಯೆತ್ತರದ ಬಿಳಿಜೋಳ, ತೆನೆ ಕಟ್ಟುತ್ತಿತ್ತು. ಆಚೆ ಕೊಯ್ಲಿಗೆ ಬಂದ ತೊಗರಿ. ಜೋಳದ ದಂಟಿನ ಗುಡಿಸಲು, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಪಾಂಡವರು. ಅಳಿಯಂದಿರು ಬುಟ್ಟಿ ಹೊತ್ತು ಮುಂದೆ, ತಂಬಿಗೆ ನೀರು ಹಿಡಿದವರು ಹಿಂದೆ. ಚರಗ, ಅಂದರೆ ಹೊಲಕ್ಕೆ ಎಡೆ, ಚೆಲ್ಲುತ್ತಾ ಒಬ್ಬರು ಕೂಗಿದರೆ ಉಳಿದವರು ದನಿ ಕೂಡಿಸುವುದು. ಇವರೂ ಇಲ್ಲಿಂದ ದನಿ ಕೂಡಿಸಿದರು, ಮೆಲ್ಲಗೆ, ಮೊಮ್ಮಗಳು ಏಳಬಾರದಲ್ಲ.

ಫೋನ್ ಇಟ್ಟ ಮೇಲೆ ಸುಮ್ನೆ ಕೂತರು. "ನಾಳಿ ನಾವೂ ಮಾಡೂಣು" ಎಂದರು.

ಡಿಸೆಂಬರ್ 30

ಭಜ್ಜಿಗೆ ಏನೇನು ಬೇಕು? ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಶೇಂಗಾ, ಮೆಂತ್ಯೆ, ಪಾಲಕ್, ಹಸಿ ಉಳ್ಳಾಗಡ್ಡಿ, ಗಜ್ಜರಿ, ಬಾರಿಹಣ್ಣು, ಹುಣಸೆ ರಸ, ಕಡಲೆ ಹಿಟ್ಟು. ಹೊಲದಲ್ಲಿ ಆ ವಾರ ಕೈಗೆ ಸಿಕ್ಕಿದ್ದೆಲ್ಲ ಬೀಳುವ ಪಲ್ಯ ಅದು. ಸೊಸೆ ಭಾರತೀಯ ಅಂಗಡಿಯ ಫ್ರೀಜರಿನಿಂದ ಹಸಿ ತೊಗರಿಕಾಳಿನ ಪೊಟ್ಟಣ ತಂದಳು. ಗುಜರಾತಿನದು. ಕಲ್ಲಿನ ಹಾಗೆ ಗಟ್ಟಿ. ಇವರು ಅದನ್ನು ತಿರುಗಿಸಿ ನೋಡಿ ಏನೋ ಹೇಳಲು ಬಾಯಿ ತೆರೆದರು, ನಾನು ಕಣ್ಣು ಬಿಟ್ಟೆ, ಸುಮ್ಮನಾದರು. ಬಾರಿಹಣ್ಣು ಸಿಗಲಿಲ್ಲ. ಬೇರೆ ಏನನ್ನೂ ಹಾಕಲಿಲ್ಲ. ಬಾರಿಹಣ್ಣಿನ ಜಾಗದಲ್ಲಿ ಇನ್ನೊಂದು ಹಣ್ಣು ಹಾಕಿದರೆ ಅದು ಭಜ್ಜಿ ಆಗುವುದಿಲ್ಲ, ಬಿಟ್ಟರೆ ಆಗುತ್ತದೆ.

ಸಜ್ಜಿ ರೊಟ್ಟಿಗೆ ಎಳ್ಳು ಒತ್ತಿ ಹಂಚಿಗೆ ಹಾಕಿದೆ. ಕರೆಂಟಿನ ಒಲೆ. ಬೆಂಕಿ ಕಾಣುವುದಿಲ್ಲ, ಆದ್ದರಿಂದ ಅದರ ಮನಸ್ಸೂ ತಿಳಿಯುವುದಿಲ್ಲ. ಮೂರನೇ ರೊಟ್ಟಿಗೆ ಎಳ್ಳು ಚಟಪಟ ಸಿಡಿದು ಹೊಗೆ ಎದ್ದಿತು, ಸೂರಿನಲ್ಲಿದ್ದ ಹೊಗೆಗಂಟೆ ಕಿವಿ ಹರಿಯುವಂತೆ ಕಿರುಚಿತು. ಮಗ ಸ್ಟೂಲ್ ಹತ್ತಿ ಟವೆಲ್ ಬೀಸುತ್ತಾ ನಿಂತ. ಹನ್ನೆರಡು ರೊಟ್ಟಿ ಮುಗಿಯುವವರೆಗೂ ಇಳಿಯಲಿಲ್ಲ.

ಹಿತ್ತಲಲ್ಲಿ ಹಿಮ ಬಹುಪಾಲು ಕರಗಿತ್ತು. ಬೇಲಿಯ ಪಕ್ಕ ಒಂದು ಚಾಪೆಯಷ್ಟು ಅಗಲ ನೆಲ ಬಿಟ್ಟುಕೊಂಡಿತ್ತು. ಹಳದಿ ಹುಲ್ಲು, ಕೆಳಗೆ ಕಪ್ಪು ಮಣ್ಣು. ಒಟ್ಟಾವಾಕ್ಕೆ ಬಂದು ಹನ್ನೊಂದು ದಿನಕ್ಕೆ ಮೊದಲ ಸಲ ನೆಲ ನೋಡಿದ್ದು. ಇವರು ಕೈಗವಸು ತೆಗೆದು ಬಗ್ಗಿ ಒಂದು ಚಿಟಿಕೆ ಮಣ್ಣು ಕಿತ್ತರು. ಬೆರಳಲ್ಲಿ ಉಜ್ಜಿದರು, ಮೂಸಿದರು. "ಎರಿ ಮಣ್ಣಲ್ಲ. ಆದ್ರೂ ಛಲೋ ಅದ."

ಗೋಡೆಯ ಬುಡದ ಜಲ್ಲಿಯಿಂದ ಮೊಮ್ಮಗಳು ಐದು ಕಲ್ಲು ಆರಿಸಿದಳು. ಸುಣ್ಣ ಇರಲಿಲ್ಲ, ವಿಭೂತಿ ಹಚ್ಚಿದೆವು. ಭಜ್ಜಿ, ರೊಟ್ಟಿಯ ಚೂರು, ಕಡಬು, ಅನ್ನ ಕಲಸಿ ತಟ್ಟೆಗೆ ಹಾಕಿಕೊಂಡೆ. ಬುಟ್ಟಿ ಬದಲು ಹೊಸ ಫ್ರೈಯಿಂಗ್ ಪ್ಯಾನಿನಲ್ಲಿ ಹಾಕಿದ್ದರೂ ನಡೆಯುತ್ತಿತ್ತೇನೋ, ಮನಸ್ಸು ಬರಲಿಲ್ಲ. ಇವರು ಹಿತ್ತಲ ಸುತ್ತ ಚರಗ ಚೆಲ್ಲುತ್ತಾ ಹೊರಟರು. ಹಿಂದೆ ಮೊಮ್ಮಗಳು ನೀರಿನ ಬಾಟಲಿ ಹಿಡಿದು. ಮೊದಲು ಸಣ್ಣಗೆ ಕೂಗಿದರು. ಎರಡನೇ ಸುತ್ತಿಗೆ ಹೊಲದ ದನಿ ಬಂದುಬಿಟ್ಟಿತು. ಆ ಕೂಗಿಗೆ ಬೇಲಿಯ ಆಚೆ ಬಾಗಿಲು ಧಡ್ ಎಂದು ತೆರೆಯಿತು. ಪಕ್ಕದ ಮುದುಕರು, ಕೈಯಲ್ಲಿ ಕಂಬಳಿ! ಇವರು ಮತ್ತೆ ಹೊರಗೆ ಸಿಕ್ಕಿಹಾಕಿಕೊಂಡರು ಎಂದುಕೊಂಡಿದ್ದರು.

ಅವರನ್ನೂ ಊಟಕ್ಕೆ ಕರೆದೆವು. ಭಜ್ಜಿ ಎರಡು ಸಲ ಹಾಕಿಸಿಕೊಂಡರು. ಊಟದ ನಡುವೆ ಮೊಮ್ಮಗಳು ಕೂಗಿದಳು, "ಮುತ್ಯಾ, ನೋಡು!" ಎರಡು ಕರಿ ಅಳಿಲು. ಅಲ್ಲಿ ಅಳಿಲು ಕಪ್ಪಗೆ, ದೊಡ್ಡದು, ಬೆನ್ನಿನ ಮೇಲೆ ಗೆರೆ ಇಲ್ಲ. ಪಾಂಡವರ ಮುಂದೆ ಕೂತು ಎರಡು ಕೈಯಲ್ಲಿ ಸಜ್ಜಿ ರೊಟ್ಟಿ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತಿದ್ದವು. ಎಳ್ಳು ಹಚ್ಚಿದ ಕಡೆಯಿಂದ ಮೊದಲು.

ಡಿಸೆಂಬರ್ 31

ಮಧ್ಯಾಹ್ನ ಒಂದೂವರೆಗೆ ಕಲಬುರಗಿಯಲ್ಲಿ ಹೊಸ ವರ್ಷ ಬಂತು. ಆಗಲೇ ಕೇಕ್ ಕತ್ತರಿಸಿದೆವು. ಒಟ್ಟಾವಾದ ಹೊಸ ವರ್ಷ ಬರುವಾಗ ನಾವು ನಿದ್ದೆಯಲ್ಲಿದ್ದೆವು.

ಜನವರಿ 11

ನಡುವಿನ ದಿನಗಳಲ್ಲಿ ಥಂಡಿ ಮತ್ತೆ ಬಿಗಿಯಾಯಿತು, ಹಿಮ ಮತ್ತೆ ಬಿತ್ತು. ಇವರು ಸಲಿಕೆ ಹಿಡಿಯುವುದು ಕಲಿತರು. ಕಷ್ಟಪಟ್ಟು ದಾರಿ ಬಿಡಿಸಿ ಒಳಗೆ ಬಂದರೆ ಸಾಕು, ರಸ್ತೆ ಬಳಿಯುವ ಗಾಡಿ ಬಂದು ಅಂಗಳದ ಬಾಯಿಗೆ ಮೊಣಕಾಲೆತ್ತರದ ಗುಡ್ಡೆ ಒಟ್ಟಿ ಹೋಗುತ್ತಿತ್ತು. ಆಗ ಇವರು ಬೈಯುತ್ತಿದ್ದ ಬೈಗುಳ ಪಕ್ಕದ ಮುದುಕರಿಗೆ ಭಾಷೆ ಗೊತ್ತಿಲ್ಲದೆಯೂ ಅರ್ಥವಾಗುತ್ತಿತ್ತು.

ಹೊರಡುವ ಹಿಂದಿನ ದಿನ ರಿಡೋ ಕಾಲುವೆ ಜನರಿಗೆ ತೆರೆಯಿತು. ಊರ ನಡುವೆ ಹರಿಯುವ ಹಳೆಯ ಕಾಲುವೆ ಅದು, 2007ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಚಳಿಗಾಲದಲ್ಲಿ ನೀರು ಗಟ್ಟಿಯಾದರೆ ಅದೇ ರಸ್ತೆ, ಪೂರ್ತಿ ತೆರೆದರೆ 7.8 ಕಿಲೋಮೀಟರ್. ಮಂಜು ಸುಮಾರು ಒಂದು ಅಡಿ ದಪ್ಪ ಆಗುವವರೆಗೆ ಬಿಡುವುದಿಲ್ಲ. 2023ರಲ್ಲಿ ಸಾಕಷ್ಟು ಥಂಡಿಯೇ ಬೀಳದೆ ಇಡೀ ಚಳಿಗಾಲ ತೆರೆಯಲೇ ಇಲ್ಲ. ನಮ್ಮ ಕೆರೆ ತುಂಬದ ವರ್ಷದ ಬಗ್ಗೆ ನಾವು ಮಾತಾಡುವಂತೆ ಅಲ್ಲಿಯವರು ಆ ವರ್ಷದ ಬಗ್ಗೆ ಮಾತಾಡುತ್ತಾರೆ.

ಮಂದಿ ಸರ್ರನೆ ಜಾರುತ್ತಿದ್ದರು. ಆಫೀಸಿನ ಬ್ಯಾಗ್ ಹಾಕಿಕೊಂಡವರು, ಕೂಸಿನ ಗಾಡಿ ತಳ್ಳುವವರು. ನಾವಿಬ್ಬರೂ ಬೂಟಿನಲ್ಲೇ ಮೆಲ್ಲಗೆ ಇಳಿದೆವು. ಸೀರೆಯ ಮೇಲೆ ಕೋಟು, ಅದರ ಮೇಲೆ ಮಂಕಿ ಟೋಪಿ. ಕಾಲಕೆಳಗೆ ಮಂಜು ಹಸಿರುಮಿಶ್ರಿತ ಕಪ್ಪು, ಅದರೊಳಗೆ ಬಿಳಿ ಬಿರುಕು, ಸಿಕ್ಕಿಬಿದ್ದ ಗಾಳಿಗುಳ್ಳೆ. ಒಂದು ಕಡೆ ಆಳದಲ್ಲಿ ಒಂದು ಎಲೆ. ಬಿದ್ದಾಗ ಹೇಗಿತ್ತೋ ಹಾಗೇ ಇತ್ತು. ಎಲ್ಲೋ ದೂರದಲ್ಲಿ ಧಬ್ ಎಂದು ಒಂದು ಸದ್ದು ಓಡಿಬಂತು. ನಾನು ಇವರ ಕೈ ಹಿಡಿದೆ. ರಸ್ತೆಯಲ್ಲಿ ಕೈ ಹಿಡಿಯುವ ವಾಡಿಕೆ ನಮ್ಮದಲ್ಲ. "ಏನೂ ಆಗಲ್ಲ ಅವ್ವ, ಮಂಜು ಮೈ ಮುರೀತದ" ಎಂದ ಮಗ. ಆಮೇಲೂ ಕೈ ಬಿಡಲಿಲ್ಲ. ಜಾರುತ್ತದಲ್ಲ.

ದಂಡೆಯಲ್ಲಿ ಬೀವರ್ ಟೇಲ್ ಎಂಬ ತಿಂಡಿ ಮಾರುತ್ತಾರೆ. ಅಂಗೈ ಎರಡರಷ್ಟು ಉದ್ದದ ಕರಿದ ಹಿಟ್ಟಿನ ಹಾಳೆ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ. ಪೂರಿಯ ದೊಡ್ಡಪ್ಪನ ಮಗ. ಇವರು ಬ್ಯಾಗಿನಿಂದ ಖಾರ ತೆಗೆದು ಉದುರಿಸಿಕೊಂಡರು.

ಜನವರಿ 14, ಕಲಬುರಗಿ

ಸಂಕ್ರಾಂತಿ ದಿನ ಬೆಳಿಗ್ಗೆ ಮನೆ ಮುಟ್ಟಿದೆವು. ಚಪ್ಪಲಿ ಬಿಟ್ಟು ಶಹಾಬಾದಿ ಫರಸಿಯ ಮೇಲೆ ಕಾಲಿಟ್ಟೆ. ತಣ್ಣಗೆ, ಹಿತವಾಗಿ ಏರಿತು. ಬ್ಯಾಗ್ ಇಳಿಸುವಷ್ಟರಲ್ಲಿ ಕಾಕಿ ಬಂದರು, ಶಾಲು ಹೊದ್ದು, ಕೈಯಲ್ಲಿ ಕುಸುರೆಳ್ಳು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರಾಮ್" ಎಂದು ಕೊಟ್ಟರು. ಕೊಟ್ಟ ಕೈಯನ್ನೇ ತಿರುವಿ ಚಾಚಿದರು.

"ಎಲ್ಲದ ನನ್ನ ಬರ್ಫ್?"

ಡಬ್ಬಿಯಲ್ಲಿ ಒಣದ್ರಾಕ್ಷಿಯ ಕೇಕ್ ಇತ್ತು. ಕೊಟ್ಟೆ. ತೆರೆದು ನೋಡಿ ಪಕ್ಕಕ್ಕಿಟ್ಟರು. "ಬರ್ಫ್?"

ಹೋಗುವ ಗಡಿಬಿಡಿಯಲ್ಲಿ ನಮ್ಮ ಹಳೆಯ ಫ್ರಿಜ್ ಬಂದ್ ಮಾಡುವುದು ಮರೆತಿದ್ದೆವು. ನಾಲ್ಕು ವಾರದಲ್ಲಿ ಮೇಲಿನ ಖಾನೆಯ ಗೋಡೆಗೆ ಬೆರಳು ದಪ್ಪ ಹಿಮ ಕಟ್ಟಿತ್ತು. ಚಮಚದಿಂದ ಕೆರೆದು ಕಾಕಿಯ ಅಂಗೈಗೆ ಒಂದು ಹಿಡಿ ಹಾಕಿದೆ. ಇದೇ ನೋಡ್ರಿ ಎಂದೆ. ಬೆಳಕಿಗೆ ಹಿಡಿದು ನೋಡಿದರು. ಎರಡು ಬೆರಳಲ್ಲಿ ಉಜ್ಜಿದರು. ಸ್ವಲ್ಪ ನಾಲಿಗೆಗೆ ಹಚ್ಚಿಕೊಂಡರು. ಉಳಿದದ್ದು ಕರಗಿ ಮೊಣಕೈವರೆಗೆ ಹರಿದು ಬಳೆ ತೋಯಿಸಿತು.

"ಅಲ್ರಿ ಅಕ್ಕೋರೆ, ಇದಕ್ಕ ಎರಡು ಇಮಾನ ಹತ್ತಿ ಹೋಗಿದ್ರೇನು?"